ಎರಡು ಅಡಿಪಾಯದ ಮೇಲೆ ನಿಂತ ಮನೆ

ಮಕ್ಕಳೇ,

ಪ್ರತಿ ವರ್ಷ ಚಳಿ ಶುರುವಾದ ಮೇಲೆ ನಮ್ಮ ಊರುಗಳಿಂದ ಶಾಲಾ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಯಾವ ಊರಿನ ಶಾಲೆಯಾದರೂ ದಾರಿ ಹೆಚ್ಚುಕಡಿಮೆ ಒಂದೇ. ಸಂಜೆ ಬುತ್ತಿಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಟರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮುಗಿಸಿ ಮೈಸೂರು. ಅಲ್ಲಿ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ. ಹೊತ್ತು ಮಿಕ್ಕರೆ ಅಶೋಕ ರಸ್ತೆಯ ಆ ದೊಡ್ಡ ಚರ್ಚು. ಅಲ್ಲಿ ಬಸ್ಸು ನಿಲ್ಲುವುದು ಅರ್ಧ ಗಂಟೆ. ಎರಡು ಗೋಪುರಗಳೂ ಬರುವ ಹಾಗೆ ಫೋಟೊ ತೆಗೆದುಕೊಂಡು ನೀವು ಮತ್ತೆ ಬಸ್ಸು ಹತ್ತುತ್ತೀರಿ.

ಆ ಅರ್ಧ ಗಂಟೆಯ ಬಗ್ಗೆಯೇ ನಿಮ್ಮ ಜೊತೆ ಮಾತಾಡಬೇಕಾಗಿದೆ. ಮೇಷ್ಟ್ರಾಗಿದ್ದಾಗ ನಾನು ಎಷ್ಟೋ ಸಲ ನಿಮ್ಮಂಥ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಮೊದಮೊದಲು ನಾನೂ ಗೋಪುರ ತೋರಿಸಿ ತಲೆ ಎಣಿಸಿ ಬಸ್ಸು ಹತ್ತಿಸಿದವನೇ. ಒಂದು ಭಾನುವಾರದ ಬೆಳಿಗ್ಗೆ ನನ್ನ ಕಣ್ಣು ತೆರೆಯಿತು.

ಅಂದು ನಾವು ಒಳಗೆ ಹೋದಾಗ ಬಲಿಪೂಜೆ, ಅಂದರೆ ಅವರ ಭಾನುವಾರದ ಪೂಜೆ, ನಡೆದಿತ್ತು. ಮಕ್ಕಳನ್ನು ಹಿಂದಿನ ಬೆಂಚುಗಳಲ್ಲಿ ಕೂರಿಸಿದೆ. ಪೂಜೆ ಮುಗಿಯುವ ಹೊತ್ತಿಗೆ ಜನ ಸಾಲಾಗಿ ಎದ್ದು ಮುಂದೆ ಹೋಗತೊಡಗಿದರು. ನಮ್ಮ ಏಳನೇ ತರಗತಿಯ ಹುಡುಗನೊಬ್ಬ ಅವರ ಹಿಂದೆ ಹೋಗಿ ನಿಂತದ್ದು ನನಗೆ ತಿಳಿಯಲೇ ಇಲ್ಲ. ಅವನು ಅಂಗೈ ಚಾಚಿದ, ಗುರುಗಳು ಬಿಳಿಯ ಬಿಲ್ಲೆಯಂಥ ರೊಟ್ಟಿ ಇಟ್ಟರು. ಅವನು ಅದನ್ನು ತಿನ್ನದೆ ಜೇಬಿಗೆ ಹಾಕಿಕೊಂಡು ಬಂದ. ಬದಿಯಲ್ಲಿದ್ದ ಹೆಣ್ಣುಮಗಳೊಬ್ಬಳು ಗಾಬರಿಯಿಂದ ಎದ್ದು ನಿಂತಳು. ಪೂಜೆ ಮುಗಿದ ಮೇಲೆ ಗುರುಗಳೇ ನಮ್ಮ ಬಳಿ ಬಂದು ಮೆಲ್ಲಗೆ ಕೇಳಿದರು. ಹುಡುಗ ಜೇಬಿನಿಂದ ಅದನ್ನು ತೆಗೆದು, "ಪ್ರಸಾದ ಅಲ್ಲೇನ್ ಸಾರ್? ನಮ್ಮವ್ವಗೆ ಕೊಡಾಕ ಇಟ್ಕಂಡೀನಿ" ಅಂದ.

ಗುರುಗಳು ಸಿಟ್ಟಾಗಲಿಲ್ಲ. ಆ ರೊಟ್ಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಪೀಠದ ಕಡೆ ತಿರುಗಿ, ತಾವೇ ಸೇವಿಸಿದರು. ಆಮೇಲೆ ಹುಡುಗನ ತಲೆ ಸವರಿ, "ಅವ್ವನ್ನ ನೆನೆಸಿಕೊಂಡೆಯಲ್ಲ, ಅದು ಒಳ್ಳೇದು ಮಗು. ಆದರೆ ಇದು ನಮಗೆ ಹಂಚಿ ತಿನ್ನೋ ಪ್ರಸಾದ ಮಾತ್ರ ಅಲ್ಲ. ಸ್ವಾಮಿಯ ಶರೀರವೇ ಇದು ಅಂತ ನಂಬಿದವರು ನಾವು. ನಂಬಿ, ದೀಕ್ಷೆ ಪಡೆದು, ಮನಸ್ಸು ಶುದ್ಧ ಮಾಡಿಕೊಂಡು ತಗೋಬೇಕು" ಅಂದರು. ಆ ಹುಡುಗನದು ತಪ್ಪಲ್ಲ. ಕೊಟ್ಟೂರು ಬಸವೇಶ್ವರನ ಗುಡಿಯಲ್ಲಿ ಕೈಯೊಡ್ಡಿದವರಿಗೆಲ್ಲ ಪ್ರಸಾದ ಸಿಗುವುದನ್ನು ನೋಡಿ ಬೆಳೆದ ಮಗು ಅದು. ತಪ್ಪು ನನ್ನದು. ಬೇರೆಯವರ ದೇವರ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋದೆ, ಆದರೆ ಆ ಮನೆಯ ವಿಷಯ ಒಂದನ್ನೂ ಹೇಳದೆ ಕರೆದುಕೊಂಡು ಹೋದೆ. ಅಂದು ಹೇಳದೆ ಬಿಟ್ಟದ್ದನ್ನು ಇಂದು ನಿಮಗೆ ಹೇಳುತ್ತಿದ್ದೇನೆ.

ಮೊದಲು ಆ ಮನೆ ಹೇಗೆ ಎದ್ದಿತು ಎಂಬುದನ್ನು ತಿಳಿಯಿರಿ.

ಅದನ್ನು ಎಲ್ಲರೂ ಸಂತ ಫಿಲೋಮಿನಾ ಚರ್ಚು ಅನ್ನುತ್ತಾರೆ. ಪೂರ್ತಿ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಈಗಿನ ಕಟ್ಟಡಕ್ಕೂ ಮೊದಲು ಅದೇ ಜಾಗದಲ್ಲಿ 1843ರ ಒಂದು ಚಿಕ್ಕ ಚರ್ಚು ಇತ್ತು. ಅದು ಎದ್ದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. ಆಗಿನ ಶಿಲಾಶಾಸನ ಇನ್ನೂ ಉಳಿದಿದೆ. ಲೋಕವನ್ನೆಲ್ಲ ಸೃಷ್ಟಿಸಿ ಕಾಯುವ ಒಬ್ಬನೇ ದೇವರ ಹೆಸರಿನಲ್ಲಿ ಈ ದೇವಾಲಯ ಎದ್ದಿದೆ ಎಂಬುದು ಅದರ ಭಾವ. ಚಾಮುಂಡಿಯ ಒಕ್ಕಲಾದ ಅರಸು ಕ್ರೈಸ್ತರ ದೇವಾಲಯಕ್ಕೆ ಆಸರೆಯಾದ. ಆ ಕಲ್ಲಿನಲ್ಲಿ ನನಗೆ ಕಂಡದ್ದು ಅದೇ.

ಜನ ಹೆಚ್ಚಿದಂತೆ ಆ ಚರ್ಚು ಸಾಲದಾಯಿತು. ಆ ಹೊತ್ತಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿಯಾಗಿದ್ದವರು ಟಿ. ತಂಬುಚೆಟ್ಟಿಯವರು. ಅವರು ಕಥೋಲಿಕರು. 1926ರಲ್ಲಿ ಅವರು ಪೋಪರ ಪ್ರತಿನಿಧಿಯಾಗಿ ಭಾರತದಲ್ಲಿದ್ದ ಪೀಟರ್ ಪಿಸಾನಿಯವರಿಂದ ಸಂತ ಫಿಲೋಮಿನಾಳ ಅವಶೇಷವೊಂದನ್ನು ಪಡೆದು ಮೈಸೂರಿಗೆ ತಂದರು. ಅದನ್ನು ಇಡಲು ತಕ್ಕ ದೇವಾಲಯ ಬೇಕೆಂದು ಆಗಿನ ಗುರುಗಳಾದ ಫಾದರ್ ಕೋಶೆ ಹೊರಟರು. 1933ರ ಅಕ್ಟೋಬರ್ 28ರಂದು ಮಹಾರಾಜರೇ ಬಂದು ಅಡಿಗಲ್ಲು ಇಟ್ಟರು. ಅಂದು ಅವರು ಆಡಿದ ಮಾತಿನ ಸಾರ ಇದು: ಈ ದೇವಾಲಯ ಎರಡು ಅಡಿಪಾಯದ ಮೇಲೆ ಭದ್ರವಾಗಿ ನಿಲ್ಲುತ್ತದೆ, ಒಂದು ದೇವರ ಕರುಣೆ, ಇನ್ನೊಂದು ಮನುಷ್ಯರ ಕೃತಜ್ಞತೆ.

ಮಕ್ಕಳೇ, ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ. ನಾನು ಹೇಳುವುದೆಲ್ಲ ಈ ಎರಡನೆಯ ಅಡಿಪಾಯದ ಬಗ್ಗೆಯೇ.

ಆ ಅಡಿಗಲ್ಲು ಬಿದ್ದಾಗ ನಮ್ಮ ಊರುಗಳು ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ ಎಂಬುದೂ ನೆನಪಿರಲಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಬಳ್ಳಾರಿ ಜಿಲ್ಲೆಯ ಜೊತೆಗೆ ಮದರಾಸು ಪ್ರಾಂತ್ಯದಲ್ಲಿದ್ದವು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಚರ್ಚಿನ ಆಡಳಿತದಲ್ಲಿಯೂ ನಮ್ಮ ಸೀಮೆಯ ದಾರಿ ಬೇರೆಯೇ. ಬಳ್ಳಾರಿ ಧರ್ಮಕ್ಷೇತ್ರ 1949ರ ಮಾರ್ಚ್ 10ರಂದು ಸ್ಥಾಪನೆಯಾಯಿತು. ಬಳ್ಳಾರಿಯ ಸಂತ ಅಂತೋನಿಯವರ ದೇವಾಲಯ ಅದರ ಪ್ರಧಾನಾಲಯ. ಮೈಸೂರಿಗೆ ಹೋಗಲಾಗದವರು ಬಳ್ಳಾರಿಗಾದರೂ ಹೋಗಿ ಬನ್ನಿ.

ಈಗ ಕಟ್ಟಡ ನೋಡೋಣ. ಅದರ ನಕ್ಷೆ ಮಾಡಿದವರು ಡಾಲಿ ಎಂಬ ಫ್ರೆಂಚರು. ಜರ್ಮನಿಯ ಕೊಲೋನ್ ನಗರದ ಚರ್ಚು ಅವರಿಗೆ ಮಾದರಿ. ಕೊಲೋನಿನ ಆ ಚರ್ಚಿಗೆ 1248ರಲ್ಲಿ ಅಡಿಗಲ್ಲು ಬಿತ್ತು, ಕೆಲಸ ಮುಗಿದದ್ದು 1880ರಲ್ಲಿ. ಆರು ನೂರು ವರ್ಷ ದಾಟಿತು. ಕಲ್ಲು ಕೆತ್ತಿದ ಅಜ್ಜ, ಅವನ ಮಗ, ಮೊಮ್ಮಗ ಯಾರೂ ಅದರ ತುದಿ ನೋಡಲಿಲ್ಲ. ಆದರೂ ಕೆತ್ತಿದರು. ಮೈಸೂರಿನದು ಅಷ್ಟು ತಡವಾಗಲಿಲ್ಲ. ಈ ಚರ್ಚು ಎದ್ದ ವರ್ಷವೆಂದು 1936ನೆಯ ಇಸವಿಯನ್ನು ಹೇಳುವುದು ರೂಢಿ. ಆಮೇಲೆ ಉಳಿದ ಕೆಲಸವನ್ನು ಧರ್ಮಾಧ್ಯಕ್ಷ (ಬಿಷಪ್) ರೆನೆ ಫ್ಯೂಗಾ ನೋಡಿಕೊಂಡರು. ಬೆಂಗಳೂರು, ಮೈಸೂರು ಬೇರೆ ಬೇರೆ ಧರ್ಮಕ್ಷೇತ್ರಗಳಾದದ್ದು 1940ರಲ್ಲಿ. ಮೈಸೂರು ಕ್ಷೇತ್ರಕ್ಕೆ ಇದೇ ಪ್ರಧಾನಾಲಯವಾಯಿತು.

ಎರಡು ಗೋಪುರಗಳೂ 175 ಅಡಿ ಎತ್ತರ. ಹಂಪಿಯಲ್ಲಿ ವಿರೂಪಾಕ್ಷನ ಮುಂದಿನ ಬಿಷ್ಟಪ್ಪಯ್ಯನ ಗೋಪುರ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದರಷ್ಟು. ಒಳಗೆ ಸುಮಾರು 800 ಜನ ಕೂರಬಹುದು. ಮೇಲಿನಿಂದ ನೋಡಿದರೆ ಕಟ್ಟಡದ ಆಕಾರವೇ ಶಿಲುಬೆ: ಉದ್ದನೆಯ ನಡುಭಾಗದಲ್ಲಿ ಜನ, ಎರಡು ಬದಿಗೆ ಚಾಚಿದ ತೋಳು, ತಲೆಯ ಕಡೆ ಪೀಠ. ಕಮಾನುಗಳೆಲ್ಲ ಮೇಲೆ ಚೂಪಾಗಿರುವುದು ಬರೀ ಚೆಂದಕ್ಕಲ್ಲ. ಚೂಪು ಕಮಾನು ಚಾವಣಿಯ ಭಾರವನ್ನು ನೇರ ಕಂಬಗಳಿಗೆ ಇಳಿಸುತ್ತದೆ. ಗೋಡೆಯ ಮೇಲೆ ಭಾರ ಕಡಿಮೆಯಾದ್ದರಿಂದ ದೊಡ್ಡ ಕಿಟಕಿ ತೆರೆಯಬಹುದು. ಆ ಕಿಟಕಿಗಳಿಗೆ ಬಣ್ಣದ ಗಾಜು. ಯೇಸುವಿನ ಜನನ, ಕೊನೆಯ ಊಟ, ಶಿಲುಬೆಗೇರಿಸಿದ್ದು, ಪುನರುತ್ಥಾನ, ಸ್ವರ್ಗಾರೋಹಣ ಎಲ್ಲ ಆ ಗಾಜಿನಲ್ಲಿವೆ. ಓದಲು ಬಾರದವರೂ ಬೆಳಕಿನಲ್ಲಿ ಓದಲಿ ಎಂದು ಹಳೆಯ ಕಾಲದಲ್ಲಿ ಕಂಡುಕೊಂಡ ಉಪಾಯ ಅದು. ನಮ್ಮ ಬಾಗಳಿ ಕಲ್ಲೇಶ್ವರ, ಕುರುವತ್ತಿ ಮಲ್ಲಿಕಾರ್ಜುನನ ಗುಡಿಯ ಶಿಲ್ಪಿಗಳು ಕಲ್ಲಿನಲ್ಲಿ ಕಥೆ ಹೇಳಿದ್ದಾರಲ್ಲ, ಇವರು ಗಾಜಿನಲ್ಲಿ ಹೇಳಿದ್ದಾರೆ.

ಪೀಠದ ಕೆಳಗೆ ನೆಲಮಾಳಿಗೆ ಇದೆ. ಮೆಟ್ಟಿಲಿಳಿದು ಹೋದರೆ ಮಲಗಿದ ಭಂಗಿಯಲ್ಲಿ ಫಿಲೋಮಿನಾಳ ಪ್ರತಿಮೆ. ಅಲ್ಲಿ ನಮ್ಮ ಮಕ್ಕಳಲ್ಲಿ ಕೆಲವರು ಮುಖ ಸಿಂಡರಿಸಿದ್ದನ್ನು ನೋಡಿದ್ದೇನೆ. "ಎಲುಬು ಇಟ್ಟು ಪೂಜೆ ಮಾಡ್ತಾರಂತೆ" ಎಂದು ಪಿಸುಗುಟ್ಟಿದ್ದನ್ನೂ ಕೇಳಿದ್ದೇನೆ. ಹಾಗೆ ಅನ್ನುವ ಮೊದಲು ನಿಮ್ಮ ಊರನ್ನೇ ಒಂದು ಸಲ ನೆನೆಯಿರಿ. ಕೂಡ್ಲಿಗಿಯ ಹುತಾತ್ಮರ ಸ್ಮಾರಕದಲ್ಲಿ ಗಾಂಧೀಜಿಯವರ ಚಿತಾಭಸ್ಮವಿದೆ. ಅದರ ಮುಂದೆ ನಾವು ಬರಿಗಾಲಲ್ಲಿ ನಿಲ್ಲುವುದಿಲ್ಲವೇ? ಮಠಗಳಲ್ಲಿ ಶರಣರ ಗದ್ದುಗೆಗೆ ಹಣೆ ಹಚ್ಚುವುದಿಲ್ಲವೇ? ಒಂದು ಹಿಡಿ ಬೂದಿಯಲ್ಲಿ ನಮಗೆ ಒಬ್ಬ ಮನುಷ್ಯನ ಬಾಳೆಲ್ಲ ಕಾಣುತ್ತದೆ. ಅವರಿಗೆ ಒಂದು ಚೂರು ಎಲುಬಿನಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟ ಒಬ್ಬ ಹುಡುಗಿ ಕಾಣುತ್ತಾಳೆ. ಭಕ್ತಿಯ ಬೇರು ಒಂದೇ.

ಆ ಹುಡುಗಿಯ ಬಗ್ಗೆ ನಿಜವನ್ನೂ ತಿಳಿಯಿರಿ. ರೋಮಿನ ಪ್ರಿಸಿಲ್ಲಾ ನೆಲಗೋರಿಯಲ್ಲಿ 1802ರಲ್ಲಿ ಎಳೆ ವಯಸ್ಸಿನ ಹೆಣ್ಣುಮಗಳೊಬ್ಬಳ ಅವಶೇಷ ಸಿಕ್ಕಿತು. ಗೋರಿ ಮುಚ್ಚಿದ್ದ ಹೆಂಚಿನ ಮೇಲಿನ ಅಕ್ಷರಗಳಿಂದ ಫಿಲೋಮಿನಾ ಎಂದು ಓದಿಕೊಂಡರು. ಭಕ್ತಿ ಹಬ್ಬಿತು. ಆದರೆ ಆಕೆಯ ಬದುಕಿನ ಬಗ್ಗೆ ಗಟ್ಟಿ ಆಧಾರ ಸಾಲದೆಂದು 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಪೂಜಾ ಪಂಚಾಂಗದಿಂದ ಕೈಬಿಟ್ಟಿತು. ಮೈಸೂರಿನ ಜನರ ಭಕ್ತಿ ಹಾಗೇ ಉಳಿಯಿತು. ಒಂದು ಧರ್ಮ ತನ್ನ ನಂಬಿಕೆಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದೂ ಉಂಟು, ಪರೀಕ್ಷೆಯ ಆಚೆಗೆ ಜನರ ಪ್ರೀತಿ ಉಳಿಯುವುದೂ ಉಂಟು. ಬೇರೆಯವರ ಮನೆಯ ಈ ಮಾತನ್ನು ನಗೆಗೆ ಬಳಸಬೇಡಿ. ನಿಮ್ಮ ಊರಿನ ಸ್ಥಳಪುರಾಣವನ್ನೂ ಹೀಗೆಯೇ ವಿಚಾರ ಮಾಡುವ ಧೈರ್ಯ ಕಲಿಯಲು ಬಳಸಿ.

ಇಷ್ಟು ಕಟ್ಟಡದ ಮಾತಾಯಿತು. ಕಟ್ಟಡ ನೋಡಲು ಅರ್ಧ ಗಂಟೆ ಸಾಕು. ಅದರೊಳಗಿನ ಸಂಸಾರ ತಿಳಿಯಲು ಒಂದು ವರ್ಷ ಬೇಕು. ಆ ಸಂಸಾರವನ್ನು ಕನ್ನಡ ಕಥೋಲಿಕರು ಧರ್ಮಕೇಂದ್ರ ಅನ್ನುತ್ತಾರೆ. ಒಂದು ಚರ್ಚು, ಅದಕ್ಕೆ ಸೇರಿದ ಮನೆಗಳು, ಆ ಮನೆಗಳ ಸುಖದುಃಖ, ಅವನ್ನು ನೋಡಿಕೊಳ್ಳುವ ಗುರುಗಳು ಎಲ್ಲ ಸೇರಿ ಧರ್ಮಕೇಂದ್ರ.

ಅಲ್ಲಿ ಮಗು ಹುಟ್ಟಿದರೆ ದೀಕ್ಷಾಸ್ನಾನ. ತಂದೆತಾಯಿಯ ಜೊತೆಗೆ ಜ್ಞಾನ ತಂದೆ, ಜ್ಞಾನ ತಾಯಿ ಎಂದು ಇನ್ನಿಬ್ಬರು ನಿಲ್ಲುತ್ತಾರೆ. ಮಗುವಿನ ನಂಬಿಕೆಗೆ ನಾವೂ ಹೊಣೆ ಎಂದು ಎಲ್ಲರೆದುರು ಮಾತು ಕೊಡುತ್ತಾರೆ. ಹೆಸರು ದಪ್ಪ ರಿಜಿಸ್ಟರಿನಲ್ಲಿ ಏರುತ್ತದೆ. ಆ ಮಗು ಬೆಳೆದು ಎಲ್ಲೋ ದೂರದ ಊರಿನಲ್ಲಿ ಮದುವೆಯಾದರೂ ಸುದ್ದಿ ಅದೇ ರಿಜಿಸ್ಟರಿಗೆ, ಅದೇ ಹೆಸರಿನ ಬದಿಗೆ ಬಂದು ಸೇರಬೇಕು. ಎಲ್ಲಿಗೆ ಹೋದರೂ ಹುಟ್ಟಿದ ಊರಿನ ಪುಸ್ತಕದಲ್ಲಿ ನಿಮ್ಮದೊಂದು ಸಾಲು ಕಾಯುತ್ತಿರುತ್ತದೆ. ಬೆಂಗಳೂರಿಗೆ ದುಡಿಯಲು ಹೋಗಿ ಊರಿನ ಕಡೆ ತಿರುಗಿ ನೋಡದ ನಮ್ಮ ಹುಡುಗರಿಗೆ ಈ ವಿಷಯ ಹೇಳಬೇಕೆನಿಸುತ್ತದೆ.

ಮದುವೆ ನಿಶ್ಚಯವಾದರೆ ಪೂಜೆಯ ಹೊತ್ತಿನಲ್ಲಿ ಸಭೆಗೆ ಪ್ರಕಟಿಸುತ್ತಾರೆ. ಅಡ್ಡಿ ಇದ್ದವರು ಮೊದಲೇ ಹೇಳಲಿ ಎಂದು. ಯಾರಾದರೂ ಹಾಸಿಗೆ ಹಿಡಿದರೆ ಗುರುಗಳು ಮನೆಗೆ ಹೋಗಿ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಸತ್ತರೆ ಗಂಟೆ ಹೊಡೆಯುತ್ತದೆ. ನವೆಂಬರ್ 2ರಂದು ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಪಿತೃಪಕ್ಷದಲ್ಲಿ ನಾವು ಹಿರಿಯರಿಗೆ ಎಡೆ ಇಡುವುದಿಲ್ಲವೇ, ಆ ಮನಸ್ಸೇ ಇದು.

ವರ್ಷ ಪೂರ್ತಿ ಅವರ ಪಂಚಾಂಗ ತಿರುಗುತ್ತಲೇ ಇರುತ್ತದೆ. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮೊದಲೇ ಕಾಯುವ ಕಾಲ ಆರಂಭ. ಮಕ್ಕಳು ಹುಲ್ಲು, ಮಣ್ಣು, ಕಾಗದ ತಂದು ಗೋದಲಿ ಮಾಡುತ್ತಾರೆ. ಆಮೇಲೆ ಬೂದಿ ಬುಧವಾರ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಕೈಯಲ್ಲಿ ಹಿಡಿದು ಜೈಕಾರ ಹಾಕಿದ ಗರಿಗಳನ್ನೇ ಸುಟ್ಟು ಆ ಬೂದಿ ಮಾಡುತ್ತಾರೆ. ಜೈಕಾರ ಬೂದಿಯಾಗುವುದಕ್ಕೆ ಒಂದು ವರ್ಷ ಸಾಕು ಎಂಬ ಪಾಠ ಅದು. ಅದನ್ನು ಹಣೆಗೆ ಹಚ್ಚಿಕೊಂಡು 40 ದಿನದ ತಪಸ್ಸುಕಾಲ ಹಿಡಿಯುತ್ತಾರೆ. ಶುಕ್ರವಾರಗಳಂದು 14 ಸ್ಥಳಗಳ ಶಿಲುಬೆ ಹಾದಿ. ಪವಿತ್ರ ಗುರುವಾರ ಗುರುಗಳೇ ಮಂಡಿಯೂರಿ ಭಕ್ತರ ಪಾದ ತೊಳೆಯುತ್ತಾರೆ. ವಿಭೂತಿ ಧರಿಸುವ ನಾಡಿನವರು ನೀವು, ಪಾದೋದಕ ಬಲ್ಲವರು ನೀವು. ಈ ಬೂದಿ, ಈ ಪಾದ ತೊಳೆಯುವುದು ನಿಮಗೆ ಅಪರಿಚಿತ ಅನ್ನಿಸಬಾರದು. ಹಾಗೆಂದು ಎರಡೂ ಒಂದೇ ಎಂದು ಹೇಳಿ ಮುಗಿಸಲೂಬೇಡಿ. ಅವರ ಬೂದಿಗೆ ಅವರದೇ ಅರ್ಥವಿದೆ, ಅದನ್ನು ಅವರಿಂದಲೇ ಕೇಳಿ ತಿಳಿಯಿರಿ.

ರೋಮಿನ ಪಂಚಾಂಗ ಕೈಬಿಟ್ಟರೂ ಮೈಸೂರಿನ ಭಕ್ತರಿಗೆ ಆಗಸ್ಟ್ 11 ಸಂತ ಫಿಲೋಮಿನಾಳ ಹಬ್ಬದ ದಿನ. ಬೆಂಗಳೂರಿನ ಶಿವಾಜಿನಗರದಲ್ಲಿ ಸಂತ ಮರಿಯಮ್ಮನವರ ದೇವಾಲಯವಿದೆ. 1882ರಲ್ಲಿ ಪ್ರತಿಷ್ಠೆಯಾದ ಈಗಿನ ಕಟ್ಟಡವೂ ಮೈಸೂರಿನದರ ಹಾಗೆ ಗೋಥಿಕ್ ಶೈಲಿಯದು. ಅಲ್ಲಿ ಆಗಸ್ಟ್ 29ರಿಂದ ನೊವೇನಾ ಪ್ರಾರ್ಥನೆ, ಸೆಪ್ಟೆಂಬರ್ 8ರಂದು ತೇರು. ಕಾವಿ ಬಟ್ಟೆ ಉಟ್ಟು ಹರಕೆ ಹೊತ್ತವರು ಬರುತ್ತಾರೆ. ಬಂದವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಕೊಟ್ಟೂರಿನ ತೇರಿಗೆ ದಾವಣಗೆರೆಯಿಂದ ರಾತ್ರಿಯೆಲ್ಲ ನಡೆದು ಬರುವವರ ಕಾಲಿಗೆ ಎಣ್ಣೆ ತಿಕ್ಕಿದ ಮಕ್ಕಳಿಗೆ ಆ ದೃಶ್ಯವನ್ನು ವಿವರಿಸುವ ಅಗತ್ಯವಿಲ್ಲ.

ಭಾಷೆಯ ಮಾತೊಂದನ್ನು ಹೇಳಲೇಬೇಕು. ಲೋಕದ ಬಹುಪಾಲು ಕಥೋಲಿಕರ ಪೂಜೆ ಶತಮಾನಗಳ ಕಾಲ ಲ್ಯಾಟಿನ್ ಭಾಷೆಯಲ್ಲಿ ನಡೆಯಿತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಆಮೇಲೆ ಇಲ್ಲಿಯ ಪೀಠದ ಮೇಲೆ ಕನ್ನಡ ಕೇಳಿಸಿತು. ಬಲಿಪೂಜೆ, ಪರಮಪ್ರಸಾದ, ಧರ್ಮಾಧ್ಯಕ್ಷ, ಜಪಸರ, ಪಾಪನಿವೇದನೆ ಎಂಬ ಶಬ್ದಗಳನ್ನು ಕಿವಿಗೊಟ್ಟು ಕೇಳಿ. ಎಷ್ಟು ಅಚ್ಚುಕಟ್ಟಾಗಿ ನಮ್ಮ ನುಡಿಯಲ್ಲಿ ಕೂತಿವೆ! ಕನ್ನಡವನ್ನು ಹೀಗೆ ದೇವರ ಮುಂದೆ ನಿಲ್ಲಿಸಿದವರನ್ನು ಹೊರಗಿನವರು ಅನ್ನುವ ಬಾಯಿ ನಿಮ್ಮದಾಗದಿರಲಿ.

ಹೊರಗಿನಿಂದ ಬಂದವರೂ ಇದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಫ್ರಾನ್ಸಿನಿಂದ ಬಂದ ಅಬ್ಬೆ ದುಬುವಾ 1799ರ ನಂತರ ಶ್ರೀರಂಗಪಟ್ಟಣದ ಸುತ್ತ ನೆಲೆಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅಂದರು. ಇಲ್ಲಿಯವರ ಉಡುಪು ಉಟ್ಟು, ಇಲ್ಲಿಯವರ ಊಟ ಉಂಡು, ನಮ್ಮ ಸಂಪ್ರದಾಯಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ಒಪ್ಪಲಾಗದ ಮಾತುಗಳೂ ಇವೆ. ಆದರೆ 1803–04ರಲ್ಲಿ ಸಿಡುಬು ಊರೂರು ತಿನ್ನುತ್ತಿದ್ದಾಗ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದವರೂ ಅವರೇ. ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ಬಡವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಮನುಷ್ಯನನ್ನು ಅವನ ಒಂದು ಪುಟದಿಂದ ಅಳೆಯಬೇಡಿ, ಪೂರ್ತಿ ಪುಸ್ತಕ ಓದಿ ಅಳೆಯಿರಿ.

ಹಾಸನದ ಹೆಸರು ಬಂದ ಮೇಲೆ ಇನ್ನೊಂದು ಚರ್ಚಿನ ಬಗ್ಗೆ ಹೇಳದೆ ಇರಲಾರೆ. ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚು. ಫ್ರೆಂಚ್ ಗುರುಗಳು 1860ರ ಸುಮಾರಿಗೆ ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದಾಗ ಊರವರು ಎದ್ದು ಹೋದರು, ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಚಾವಣಿ ಇಲ್ಲ, ಪೀಠವಿಲ್ಲ, ಗಂಟೆಯಿಲ್ಲ. ಈಗ ಮದುವೆಗೆ ಮೊದಲಿನ ಫೋಟೊ ತೆಗೆಸಲು ಜೋಡಿಗಳು ಅಲ್ಲಿಗೆ ಹೋಗುತ್ತಾರೆ.

ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಮಕ್ಕಳಿಗೆ ಈ ನೋವು ಗೊತ್ತಿರಬೇಕು. ತುಂಗಭದ್ರೆಯ ಹಿನ್ನೀರಿನಲ್ಲಿ ನಮ್ಮ ಊರುಗಳೂ ಮುಳುಗಿವೆ. ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನಿಮ್ಮ ಅಜ್ಜಿ ಮುಳುಗಿದ ಊರಿನ ಗುಡಿಯ ಮಾತು ತೆಗೆದಾಗ ಅವಳ ದನಿ ಹೇಗಾಗುತ್ತದೆ, ನೆನೆಯಿರಿ. ಆಮೇಲೆ ಶೆಟ್ಟಿಹಳ್ಳಿಯ ಗೋಡೆಗೆ ಒರಗಿ ಫೋಟೊಕ್ಕೆ ನಿಲ್ಲಿ.

ಮೈಸೂರು, ಶೆಟ್ಟಿಹಳ್ಳಿ ಎರಡೂ ದೊಡ್ಡ ಚರ್ಚುಗಳೇ. ಮೈಸೂರಿನದು ಬಾಳುತ್ತಿದೆ, ಇನ್ನೊಂದು ಬರೀ ಗೋಡೆಯಾಗಿದೆ. ಬೆಳಿಗ್ಗೆ ಬಾಗಿಲು ತೆಗೆಯುವವನು, ನೆಲ ಒರೆಸುವವಳು, ಪೀಠಕ್ಕೆ ಹೂ ತರುವವಳು, ಹಾಡು ಕಲಿಸುವವನು, ಬಡವರ ಮನೆ ಹುಡುಕಿಕೊಂಡು ಅಕ್ಕಿ ಕೊಟ್ಟು ಬರುವ ಸಂತ ವಿನ್ಸೆಂಟ್ ದೇ ಪೌಲ್ ಸಭೆಯವರು: ಇಂಥವರು ಇರುವ ತನಕ ಚರ್ಚು ಚರ್ಚು. ಇವರು ಹೋದ ದಿನ ಅದು ಕಲ್ಲು. ಮಹಾರಾಜರು ಹೇಳಿದ ಎರಡನೆಯ ಅಡಿಪಾಯ ಇವರೇ. ಮೊದಲನೆಯದನ್ನು ದೇವರು ನೋಡಿಕೊಳ್ಳುತ್ತಾನೆ. ಎರಡನೆಯದನ್ನು ಮನುಷ್ಯರು ದಿನ ಬೆಳಗಾದರೆ ಮತ್ತೆ ಮತ್ತೆ ಹಾಕಬೇಕು.

ಇದು ಚರ್ಚಿಗೆ ಮಾತ್ರ ಹೇಳಿದ ಮಾತಲ್ಲ. ಉಜ್ಜಿನಿಯಲ್ಲಿ ಮರುಳಸಿದ್ಧನ ಶಿಖರಕ್ಕೆ ಎಣ್ಣೆ ಎರೆಯುವ ದಿನ ನಮ್ಮೂರಿನ ಹುಡುಗರೆಲ್ಲ ಸೇರುತ್ತೀರಿ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವಾಗ ಲಕ್ಷ ಜನ ಉಸಿರು ಹಿಡಿದು ನಿಲ್ಲುತ್ತೀರಿ. ಬಹಳ ಸಂತೋಷ. ಮಾರನೆಯ ದಿನ ಆ ಬಯಲಿನ ಕಸ ಗುಡಿಸಲು ಎಷ್ಟು ಜನ ಉಳಿಯುತ್ತೀರಿ? ನಿಮ್ಮ ಓಣಿಯ ಗುಡಿಗೆ ಹಬ್ಬವಿಲ್ಲದ ಮಂಗಳವಾರದಂದು ದೀಪ ಹಚ್ಚುವವರು ಯಾರು, ಅವರಿಗೆ ವಯಸ್ಸೆಷ್ಟು, ಅವರ ನಂತರ ಯಾರು, ಎಂದಾದರೂ ಕೇಳಿದ್ದೀರಾ? ಬೇರೆಯವರ ಮನೆ ನೋಡಿ ಬಂದವರು ತಮ್ಮ ಮನೆಗೆ ಪೊರಕೆ ಹಿಡಿದರೆ ಆ ಪ್ರವಾಸ ಸಾರ್ಥಕ.

ನಮ್ಮ ಸೀಮೆಯಲ್ಲಿ ಕಥೋಲಿಕ ಮನೆಗಳು ಕಡಿಮೆ. ಆ ಮನೆಗಳ ಮಕ್ಕಳಿಗೆ ಒಂದು ಮಾತು. ತರಗತಿಯಲ್ಲಿ ನೀವೊಬ್ಬರೇ ಇರಬಹುದು. ಕ್ರಿಸ್ಮಸ್ಸಿನ ಕೇಕು ಹಂಚುವುದಕ್ಕೆ ಮಾತ್ರ ನಿಮ್ಮ ಧರ್ಮವನ್ನು ಇಟ್ಟುಕೊಳ್ಳಬೇಡಿ. ಬೂದಿ ಯಾಕೆ, ಉಪವಾಸ ಯಾಕೆ, ಜಪಸರದ ಮಣಿ ಎಷ್ಟು ಎಂದು ಗೆಳೆಯರು ಕೇಳಿದರೆ ಅಳುಕದೆ ಹೇಳಿ. ನೀವು ಹೇಳದಿದ್ದರೆ ಅರೆಬರೆ ತಿಳಿದವರು ಹೇಳುತ್ತಾರೆ. ನೀವೂ ಗೆಳೆಯರ ಜೊತೆ ತೇರು ನೋಡಲು ಬನ್ನಿ, ಬಾಳೆಹಣ್ಣು ಉತ್ತತ್ತಿ ಎಸೆಯುವುದು ಯಾಕೆ ಎಂದು ಕೇಳಿ.

ಮಿಕ್ಕವರಿಗೆ, ಮುಂದಿನ ಪ್ರವಾಸಕ್ಕೆ ಹೊರಡುವ ಮೊದಲು, ಇಷ್ಟು ನೆನಪಿರಲಿ. ಚರ್ಚಿನೊಳಗೆ ಕಾಲಿಡುವ ಮೊದಲು ಟೊಪ್ಪಿಗೆ ತೆಗೆಯಿರಿ, ಮೊಬೈಲಿನ ಬಾಯಿ ಮುಚ್ಚಿರಿ. ಫೋಟೊ ಬೇಡವೆಂದು ಫಲಕ ಇದ್ದರೆ ಕಳ್ಳತನದಿಂದಲೂ ತೆಗೆಯಬೇಡಿ. ಪೂಜೆ ನಡೆದಿದ್ದರೆ ಹಿಂದೆ ಕೂರಿ, ಅವರು ಎದ್ದಾಗ ಎದ್ದು ನಿಲ್ಲಿ. ಮಂಡಿಯೂರಲೇಬೇಕೆಂದಿಲ್ಲ, ತಲೆ ಬಾಗಿಸಿದರೆ ಸಾಕು. ಆ ರೊಟ್ಟಿ ಕೊಡುವ ಪರಮಪ್ರಸಾದದ ಸಾಲಿನಲ್ಲಿ ನಿಲ್ಲಬೇಡಿ. ಅದನ್ನು ನಮಗೆ ಕೊಡದಿರುವುದು ತಾತ್ಸಾರವಲ್ಲ, ಲಿಂಗದೀಕ್ಷೆ ಇಲ್ಲದವರಿಗೆ ಇಷ್ಟಲಿಂಗ ಕೊಡುತ್ತೇವೆಯೇ, ಹಾಗೆ. ಮಂಡಿಯೂರಿ ಕಣ್ಣೀರಿಡುತ್ತಿರುವವರ ಕಡೆ ದಿಟ್ಟಿಸಿ ನೋಡಬೇಡಿ. ಅವರು ಬಂದಿರುವುದು ನಮ್ಮ ಹಾಗೆ ಪ್ರವಾಸಕ್ಕಲ್ಲ. ಹೊರಗೆ ಬಂದ ಮೇಲೆ ಬಾಗಿಲ ಬಳಿ ಯಾರಾದರೂ ಹಿರಿಯರು ಸಿಕ್ಕರೆ, "ಅಜ್ಜಾರೆ, ಈ ಚರ್ಚಿಗೆ ಎಷ್ಟು ವರ್ಷದಿಂದ ಬರ್ತಿದ್ದೀರಿ?" ಎಂದು ಒಂದು ಪ್ರಶ್ನೆ ಕೇಳಿ. ಯಾವ ಫಲಕದಲ್ಲಿಯೂ ಇಲ್ಲದ ಚರಿತ್ರೆ ಅವರ ಬಾಯಿಂದ ಬರುತ್ತದೆ.

ಆ ಹುಡುಗ ಅಂದು ಊರಿಗೆ ಮರಳಿ ಅವ್ವನಿಗೆ ಏನು ಕೊಟ್ಟ ಗೊತ್ತೆ? ಮರುದಿನ ಶಾಲೆಯಲ್ಲಿ ನಾನೇ ಕೇಳಿದೆ. "ಏನೂ ಕೊಡಲಿಲ್ಲ ಸಾರ್. ಆ ಸ್ವಾಮೇರು ಹೇಳಿದ್ದನ್ನ ಹೇಳಿದೆ. ನಮ್ಮವ್ವ ಅಲ್ಲಿಂದಲೇ ಕೈ ಮುಗಿದ್ಲು" ಅಂದ. ಓದು ಬರಹ ತಿಳಿಯದ ಆ ತಾಯಿ ನೋಡದ ದೇವಾಲಯಕ್ಕೆ, ಅರಿಯದ ನಂಬಿಕೆಗೆ, ಕೂತಲ್ಲಿಂದಲೇ ಕೈ ಮುಗಿದಳು. ಮಹಾರಾಜರು 1933ರಲ್ಲಿ ಇಟ್ಟ ಅಡಿಗಲ್ಲಿನ ಪಕ್ಕ ಆಕೆಯೂ ಒಂದು ಕಲ್ಲು ಇಟ್ಟಳು ಎಂದು ನಾನು ತಿಳಿದಿದ್ದೇನೆ.

ಮುಂದಿನ ಕಲ್ಲು ನಿಮ್ಮ ಕೈಯಲ್ಲಿದೆ. ಯಾರ ಗುಡಿಯ ಮುಂದೆ ನಿಂತರೂ ಅದನ್ನು ಎಸೆಯಬೇಡಿ ಮಕ್ಕಳೇ, ಅಡಿಪಾಯಕ್ಕೆ ಇಡಿ.